ಗೋಖಲೆಯವರ ಕೌನ್ಸಿಲು ಭಾಷಣಗಳು

ಜನಪ್ರತಿನಿಧಿಯೆನಿಸಿಕೊಂಡವನು ಶಾಸನಸಭೆಯಲ್ಲಿ ಆಡಿದ ಮಾತುಗಳ ಬೆಲೆಯನ್ನು ಯಾವ ತಕ್ಕಡಿಯಲ್ಲಿ ತೂಗಬೇಕೆಂಬ ಪ್ರಶ್ನೆಯು ಹೊಸದಲ್ಲ. ಎಷ್ಟು ದಿನ ಹಾಜರಿದ್ದನು, ಎಷ್ಟು ಪ್ರಶ್ನೆ ಕೇಳಿದನು, ಎಷ್ಟು ಸಲ ಎದ್ದು ನಿಂತನು ಎಂದು ಎಣಿಸಿ ಅಂಕ ಹಾಕುವುದು ಈಗಿನ ರೂಢಿಯಾಗಿದೆ. ಇದಕ್ಕೆ ವಿರುದ್ಧವಾಗಿ, ಸಭೆಯ ಮಾತೆಲ್ಲ ಗಾಳಿಯ ಮಾತು, ಬಹುಮತವಿಲ್ಲದವನು ಎಷ್ಟು ಕೂಗಿದರೇನು ಫಲ ಎಂದು ತಲೆಯಲ್ಲಾಡಿಸುವವರೂ ಬಹಳ ಜನರಿದ್ದಾರೆ. ಈ ಎರಡು ಅಭಿಪ್ರಾಯಗಳೂ ತಪ್ಪೆಂದು ನಾವು ಭಾವಿಸುತ್ತೇವೆ. ಬರಿಯ ತತ್ತ್ವವನ್ನು ಹೇಳಿ ಇದನ್ನು ಸಾಧಿಸುವುದಕ್ಕಿಂತ ಒಂದು ಪ್ರತ್ಯಕ್ಷ ಉದಾಹರಣೆಯನ್ನು ತೆಗೆದುಕೊಂಡು ಪರೀಕ್ಷಿಸುವುದು ಲೇಸು. ಗೋಪಾಳ ಕೃಷ್ಣ ಗೋಖಲೆಯವರು 1902ರಿಂದ 1915ರಲ್ಲಿ ಕಾಲವಶರಾಗುವವರೆಗೆ ವ್ಹಾಯಿಸರಾಯರ ವರಿಷ್ಠ ಕಾಯದೆ ಕೌನ್ಸಿಲಿನಲ್ಲಿ ನಡೆಸಿದ ವಾಗ್ವ್ಯವಹಾರವೇ ಆ ಉದಾಹರಣೆ.

ಮೊದಲು ಆ ಸಭೆಯ ಸ್ವರೂಪವನ್ನು ತಿಳಿಯಬೇಕು. ಕೇಂದ್ರದಲ್ಲಿ ಮೇಲ್ಮನೆ, ಕೆಳಮನೆಗಳೆಂಬ ಎರಡು ಮನೆಗಳು ಉಂಟಾದದ್ದು 1919ರ ಕಾಯದೆಯ ತರುವಾಯ. ಅದಕ್ಕೆ ಮೊದಲು ಇಡೀ ಬ್ರಿಟಿಶ್ ಹಿಂದುಸ್ಥಾನಕ್ಕೆಲ್ಲ ಅತ್ಯುಚ್ಚ ಸಭೆಯೆಂದರೆ ಕಲಕತ್ತೆಯಲ್ಲಿ ಕೂಡುತ್ತಿದ್ದ ಈ ವರಿಷ್ಠ ಕೌನ್ಸಿಲೊಂದೇ. 1892ರ ಕಾಯದೆಯ ಮೇರೆಗೆ ಅದರಲ್ಲಿ ಇದ್ದವರು ಸುಮಾರು ಇಪ್ಪತ್ತೈದು ಜನರು. ಅವರಲ್ಲಿ ಯಾವುದೋ ಬಗೆಯಿಂದ ಚುನಾಯಿತರೆನ್ನಬಹುದಾದವರು ಐವರು ಮಾತ್ರ. ಮುಂಬಯಿ, ಮದ್ರಾಸು, ಬಂಗಾಲ, ವಾಯವ್ಯ ಪ್ರಾಂತ ಇವುಗಳಿಗೆ ಒಬ್ಬೊಬ್ಬರು, ಕಲಕತ್ತೆಯ ವ್ಯಾಪಾರಿ ಮಂಡಲಕ್ಕೆ ಒಬ್ಬರು. ಅಂದಾಜುಪತ್ರಕದ ಮೇಲೆ ಮಾತಾಡಲು ಅವಕಾಶವಿತ್ತು. ಮತ ಕೊಡಲು ಇರಲಿಲ್ಲ. ಠರಾವು ಮಂಡಿಸುವಂತಿರಲಿಲ್ಲ. ಪ್ರಶ್ನೆಯೊಂದನ್ನು ಕೇಳಬಹುದಾಗಿತ್ತು, ಉತ್ತರವು ಹಾರಿಕೆಯದಾದರೆ ಅದರ ಬೆನ್ನಿಗೆ ಮರುಪ್ರಶ್ನೆ ಹಾಕುವಂತಿರಲಿಲ್ಲ. 1909ರ ಕಾಯದೆಯಿಂದ ಸಭಾಸದರ ಸಂಖ್ಯೆ ಹೆಚ್ಚಿತು, ಠರಾವಿನ ಹಕ್ಕು ಬಂದಿತು. ಆದರೆ ಸರಕಾರೀ ಸಭಾಸದರ ಬಹುಮತವು ಅಲುಗಲಿಲ್ಲ. ಸೋಲು ಮೊದಲೇ ಬರೆದಿಟ್ಟ ಅಂಗಣದಲ್ಲಿ ಗೋಖಲೆಯವರು ಹದಿಮೂರು ವರ್ಷ ಹೋರಾಡಿದರು.

ಕನ್ನಡಿಗರು ಇಲ್ಲಿ ಕ್ಷಣ ನಿಂತು ಯೋಚಿಸತಕ್ಕದ್ದೊಂದಿದೆ. ಆ ಸಭೆಯಲ್ಲಿ ಕನ್ನಡನಾಡಿನ ಬಾಯಿ ಎಲ್ಲಿತ್ತು? ಬೆಳಗಾವಿ, ಧಾರವಾಡ, ವಿಜಾಪುರ, ಕಾರವಾರಗಳಿಗೆ ಮುಂಬಯಿಯ ಒಬ್ಬ ಸಭಾಸದನೇ ಗತಿ. ಬಳ್ಳಾರಿ, ಮಂಗಳೂರುಗಳಿಗೆ ಮದ್ರಾಸಿನ ಒಬ್ಬನೇ ಗತಿ. ಮೈಸೂರು ಹಾಗೂ ನಿಜಾಮರ ಸೀಮೆಯ ಕನ್ನಡಿಗರು ಸಂಸ್ಥಾನದ ಪ್ರಜೆಗಳಾದ್ದರಿಂದ ಅವರಿಗೆ ಅಲ್ಲಿ ಸ್ಥಾನವೇ ಇರಲಿಲ್ಲ, ಕೊಡಗಿಗೂ ಇರಲಿಲ್ಲ. ಒಂದೇ ಮನೆಯ ಮಕ್ಕಳು ನಾಲ್ಕೈದು ಮನೆಗಳ ಜಗಲಿಯಲ್ಲಿ ಕುಳಿತಿದ್ದರು. ಯಾವ ಮನೆಯಲ್ಲಿಯೂ ಯಜಮಾನಿಕೆ ಅವರದಾಗಿರಲಿಲ್ಲ. ಮುಂದೆ ಏಕೀಕರಣದ ಕೂಗೆದ್ದಾಗ, ಇದೆಲ್ಲ ಭಾಷಾಭಿಮಾನದ ಆವೇಶವೆಂದು ಹೇಳಿದವರಿಗೆ ಈ ಲೆಕ್ಕವೇ ತಕ್ಕ ಉತ್ತರ. ಹಂಚಿಹೋದ ಜನಕ್ಕೆ ಸಭೆಯಲ್ಲಿ ಬಾಯಿಯಿರುವುದಿಲ್ಲ. ನಮ್ಮ ನಾಲ್ಕು ಜಿಲ್ಲೆಗಳಿಗೆ ಆಗ ಗೋಖಲೆಯವರಂಥವರು ಪ್ರತಿನಿಧಿಯಾಗಿ ದೊರೆತದ್ದು ಭಾಗ್ಯವೇ ಹೊರತು ಹಕ್ಕಿನ ಫಲವಲ್ಲ.

ಅವರೇನೂ ಮುಂಬಯಿಯಲ್ಲಿ ಪರೀಕ್ಷೆಗೆ ನಿಲ್ಲದೆ ಕಲಕತ್ತೆಗೆ ಹೋದವರಲ್ಲ. 1901ರಲ್ಲಿ ಮುಂಬಯಿ ಸರಕಾರವು ಭೂಕಂದಾಯ ಕಾಯದೆಯ ತಿದ್ದುಪಡಿಯನ್ನು ತಂದು, ಬಾಕಿಗಾಗಿ ಜಪ್ತಾದ ಜಮೀನನ್ನು ಪರಭಾರೆಯ ಹಕ್ಕಿಲ್ಲದಂತೆ ರೈತನಿಗೆ ಕೊಡುವ ಹೊಸ ಪದ್ಧತಿಯನ್ನು ಹೂಡಿತು. ಬರಗಾಲದ ಪೆಟ್ಟು ಇನ್ನೂ ಆರದಿದ್ದ ವಿಜಾಪುರ, ಧಾರವಾಡಗಳ ರೈತರಿಗೂ ಇದು ತಟ್ಟುವ ಮಾತಾಗಿತ್ತು. ತಮ್ಮ ವಾದಕ್ಕೆ ಸರಕಾರವು ಕಿವಿಗೊಡದಿದ್ದಾಗ ಸರ್ ಫಿರೋಜಶಹಾ ಮೇಹತಾ, ಗೋಖಲೆ ಮತ್ತು ಅವರ ಸಂಗಡಿಗರು ಸಭೆಯಿಂದ ಎದ್ದು ಹೊರಗೆ ನಡೆದರು. ಸೌಮ್ಯರೆನಿಸಿಕೊಂಡವರು ಮಾಡಿದ ಈ ಸಭಾತ್ಯಾಗವನ್ನು ಮರೆಯಬಾರದು. ಮೇಹತಾರವರು ದೇಹಾಲಸ್ಯದಿಂದ ವರಿಷ್ಠ ಕೌನ್ಸಿಲಿನ ಸ್ಥಾನವನ್ನು ಬಿಟ್ಟ ಮೇಲೆ ಗೋಖಲೆಯವರು ಆ ಸ್ಥಾನಕ್ಕೆ ಬಂದರು.

1902ನೆಯ ಮಾರ್ಚ 26ರಂದು ಅಂದಾಜುಪತ್ರಕದ ಮೇಲೆ ಅವರು ಮಾಡಿದ ಮೊದಲ ಭಾಷಣವು ಆ ಸಭೆಯ ವಾಡಿಕೆಯನ್ನೇ ಬದಲಿಸಿತು. ಸರಕಾರದ ಬೊಕ್ಕಸದಲ್ಲಿ ವರ್ಷವರ್ಷವೂ ಶಿಲ್ಕು ಉಳಿಯುತ್ತಿದ್ದಿತು. ಇದು ದೇಶದ ಸುಭಿಕ್ಷದ ಲಕ್ಷಣವೆಂದು ಅಧಿಕಾರಿಗಳು ಹಿಗ್ಗುತ್ತಿದ್ದರು. ಗೋಖಲೆಯವರು ಸರಕಾರದ ಅಂಕಿಗಳನ್ನೇ ಎತ್ತಿಕೊಂಡು ಅದನ್ನು ಬುಡಮೇಲು ಮಾಡಿದರು. ಅವರ ವಾದಸರಣಿ ಸರಳವಾದದ್ದು. 1885ರ ತರುವಾಯ ರೂಪಾಯಿಯ ಬೆಲೆಯು ಬೆಳ್ಳಿಯೊಡನೆ ಇಳಿಯುತ್ತ ಹೋಗಿ, ವಿಲಾಯತಿಗೆ ಕಳಿಸಬೇಕಾದ ಹಣಕ್ಕೆ ಹೆಚ್ಚು ಹೆಚ್ಚು ರೂಪಾಯಿ ಬೇಕಾದವು. ಆ ನೆವದಿಂದ ಸರಕಾರವು ಕರಗಳನ್ನು ಏರಿಸಿತು. ಉಪ್ಪಿನ ಕರವು 1888ರಲ್ಲಿ ಮಣಕ್ಕೆ 2 ರೂಪಾಯಿಯಿಂದ ಎರಡೂವರೆಗೆ ಏರಿದ್ದು ಹೀಗೆಯೇ. 1893ರಲ್ಲಿ ಟಂಕಸಾಲೆಗಳನ್ನು ಮುಚ್ಚಿ ಸರಕಾರವು ರೂಪಾಯಿಯ ಬೆಲೆಯನ್ನು ಕೃತ್ರಿಮವಾಗಿ ಎತ್ತಿತು. ಕರ ಏರಿಸಿದ ಕಾರಣವು ಹೋಯಿತು. ಕರವು ಮಾತ್ರ ಉಳಿಯಿತು. ಹಾಗಾದರೆ ಈ ಶಿಲ್ಕು ಎಲ್ಲಿಂದ ಬಂದಿತು? ರೈತನ ಹಗೇವಿನಲ್ಲಿ ಕಾಳು ತುಂಬಿ ಬಂದದ್ದಲ್ಲ, ಅವನ ಹಗೇವನ್ನು ಬರಿದು ಮಾಡಿ ಬಂದದ್ದು ಎಂಬುದೇ ಆ ಭಾಷಣದ ತಾತ್ಪರ್ಯ. ದೇಶವು ಕ್ಷಾಮದಿಂದ ಬಳಲುತ್ತಿರುವಾಗ ಬೊಕ್ಕಸವು ಉಬ್ಬುವುದು ಹೆಮ್ಮೆಯ ಮಾತಲ್ಲ, ಅನ್ಯಾಯವೆಂದು ಅವರು ಆಧಾರಸಹಿತ ತೋರಿಸಿಕೊಟ್ಟರು. ಎದುರು ಪಕ್ಷದ ದಸ್ತೈವಜುಗಳಿಂದಲೇ ಎದುರು ಪಕ್ಷದ ದಾವೆಯನ್ನು ಮುರಿಯುವುದು ಹೇಗೆಂಬುದನ್ನು ಕಲಿಯಬೇಕೆನ್ನುವ ಪ್ರತಿಯೊಬ್ಬ ವಕೀಲನೂ ಓದತಕ್ಕ ಭಾಷಣವಿದು.

ಈ ಭಾಷಣದ ಹಿಂದೆ ಇದ್ದವರನ್ನು ನಮ್ಮ ವಾಚಕರಲ್ಲಿಯ ಶಿಕ್ಷಕ ಬಂಧುಗಳು ವಿಶೇಷವಾಗಿ ನೆನೆಯಬೇಕು. ರಾನಡೆಯವರ ಶಿಷ್ಯಮಂಡಲಿಯಲ್ಲಿ ಗಣೇಶ ವೆಂಕಟೇಶ ಜೋಶಿಯವರೆಂಬವರಿದ್ದರು. ಅವರು ಸರಕಾರೀ ಹಾಯಸ್ಕೂಲಿನ ಹೆಡ್‌ಮಾಸ್ತರರು. ಹಗಲು ಹುಡುಗರಿಗೆ ಪಾಠ, ಉಳಿದ ವೇಳೆಯಲ್ಲಿ ಸರಕಾರದ ವರದಿಗಳ ಅಂಕಿಸಂಖ್ಯೆಗಳ ಮಥನ. ಇದು ಅವರ ಜೀವನಕ್ರಮವಾಗಿತ್ತು. 1897ರಲ್ಲಿ ಗೋಖಲೆಯವರು ವಿಲಾಯತಿಯಲ್ಲಿ ವೆಲ್ಬಿ ಕಮಿಶನ್ನಿನ ಮುಂದೆ ಸಾಕ್ಷಿ ಹೇಳಲು ಹೋದಾಗಲೂ, ವರಿಷ್ಠ ಕೌನ್ಸಿಲಿನ ಮೊದಲ ಭಾಷಣಕ್ಕೂ ಜೋಶಿಯವರು ಅಂಕಿಗಳನ್ನು ಒದಗಿಸಿ ತಿದ್ದಿಕೊಟ್ಟರು. ಗೋಖಲೆಯವರಾದರೂ ಫರ್ಗ್ಯುಸನ್ ಕಾಲೇಜಿನ ಅಧ್ಯಾಪಕರಾಗಿದ್ದವರು, ಅಂಕಗಣಿತದ ಪಠ್ಯಪುಸ್ತಕವನ್ನು ಬರೆದವರು. ವ್ಹಾಯಿಸರಾಯರ ಸಭೆಯನ್ನು ಬೆರಗುಗೊಳಿಸಿದ ಆ ವಾಗ್ಮಿತೆಯು ಇಬ್ಬರು ಮಾಸ್ತರರ ರಾತ್ರಿಯ ದೀಪದಡಿಯಲ್ಲಿ ಸಿದ್ಧವಾದದ್ದು. ಊರ ಶಾಲೆಯ ಮಾಸ್ತರನಿಗೂ ರಾಜ್ಯಕಾರಭಾರಕ್ಕೂ ಏನು ಸಂಬಂಧವೆಂದು ಕೇಳುವವರಿಗೆ ಇದಕ್ಕಿಂತ ಬೇರೆ ಉತ್ತರ ಬೇಕಿಲ್ಲ.

ಇನ್ನು ಫಲದ ಮಾತು. 1903ರಲ್ಲಿ ಉಪ್ಪಿನ ಕರವು ಮಣಕ್ಕೆ 2 ರೂಪಾಯಿಗೆ ಇಳಿಯಿತು, 1905ರಲ್ಲಿ ಒಂದೂವರೆಗೆ, 1907ರಲ್ಲಿ 1 ರೂಪಾಯಿಗೆ. ವರುಷಕ್ಕೆ 500 ರೂಪಾಯಿ ಉತ್ಪನ್ನದವನ ಮೇಲೆ ಬೀಳುತ್ತಿದ್ದ ಆದಾಯ ಕರದ ಮಿತಿಯು 1903ರಲ್ಲಿ 1000 ರೂಪಾಯಿಗೆ ಏರಿತು. ಅಂದಿನ ಎಷ್ಟೋ ಜನ ಕಾರಕೂನರೂ ಶಿಕ್ಷಕರೂ ಅದರಿಂದ ಪಾರಾದರು. ಇದೆಲ್ಲವೂ ಗೋಖಲೆಯವರ ಒಂದು ನಾಲಿಗೆಯಿಂದಲೇ ಆಯಿತೆಂದು ನಾವು ಹೇಳುವುದಿಲ್ಲ. ಕಾಂಗ್ರೆಸ್ಸು ವರ್ಷವರ್ಷವೂ ಇದನ್ನು ಕೇಳುತ್ತಲೇ ಇದ್ದಿತು. ಬೊಕ್ಕಸದಲ್ಲಿ ಹಣವೂ ಇದ್ದಿತು. ಆದರೆ ಹಣವಿದ್ದೂ ಕೊಡದ ದಣಿಯ ಕೈ ಬಿಚ್ಚಿಸುವುದಕ್ಕೆ, ಹಣ ಎಷ್ಟಿದೆ, ಅದು ಯಾರದು, ಎಲ್ಲಿಂದ ಬಂದಿತು ಎಂಬ ಲೆಕ್ಕವನ್ನು ಅವನ ಮುಖದೆದುರಿಗೆ ಓದಿ ಹೇಳುವವನೊಬ್ಬನು ಬೇಕು. ಮತದ ಅಧಿಕಾರವಿಲ್ಲದ ಸಭೆಯಲ್ಲಿ ಗೋಖಲೆಯವರು ಮಾಡಿದ ಕೆಲಸ ಅದು. ಒಂದು ಸಲ ಹೇಳಿ ಬಿಟ್ಟವರೂ ಅಲ್ಲ. ಉಪ್ಪಿನ ಕರ, ಸೈನ್ಯದ ಖರ್ಚು, ದೊಡ್ಡ ಹುದ್ದೆಗಳಲ್ಲಿ ಹಿಂದೀ ಜನರಿಗೆ ಪ್ರವೇಶ, ಪ್ರಾಥಮಿಕ ಶಿಕ್ಷಣ ಈ ನಾಲ್ಕನ್ನು ಅವರು ಪ್ರತಿ ಮಾರ್ಚ ತಿಂಗಳಲ್ಲಿಯೂ ಎತ್ತಿದರು.

ಸೋಲಿನ ಪಟ್ಟಿಯೂ ಚಿಕ್ಕದಲ್ಲ. ಸೈನ್ಯದ ಗುಟ್ಟುಗಳಿಗಿದ್ದ ನಿರ್ಬಂಧವನ್ನು ಮುಲ್ಕೀ ವಿಷಯಗಳಿಗೂ ಹಬ್ಬಿಸಿದ ಗುಪ್ತಸಂಗತಿಗಳ ಕಾಯದೆಯನ್ನು ಅವರು ವಿರೋಧಿಸಿದರು. 1904ರಲ್ಲಿ ಅದು ಪಾಸಾಯಿತು. ಲಾರ್ಡ್ ಕರ್ಝನ್ನರ ವಿಶ್ವವಿದ್ಯಾಲಯದ ಕಾಯದೆಯನ್ನು ಕಲಮಿಗೆ ಕಲಮು ಎದುರಿಸಿದರು. ಅದೂ ಅದೇ ವರುಷ ಪಾಸಾಯಿತು. 20 ಮಂದಿಗಿಂತ ಹೆಚ್ಚು ಜನರು ಕೂಡಿದರೆ ಅದನ್ನು ಸಾರ್ವಜನಿಕ ಸಭೆಯೆಂದು ಭಾವಿಸುವ 1907ರ ರಾಜದ್ರೋಹಿ ಸಭೆಗಳ ಕಾಯದೆಯನ್ನು ಖಂಡಿಸಿದರು, ಅದೂ ಪಾಸಾಯಿತು. ಇದನ್ನು ಕಂಡೇ ನಮ್ಮ ಬೆಳಗಾವಿ–ಧಾರವಾಡದ ಕಡೆಯ ಜನರಲ್ಲಿ ಬಹುಭಾಗವು ಅಂದು ಲೋಕಮಾನ್ಯ ಟಿಳಕರ ಪಕ್ಷಕ್ಕೆ ಒಲಿದಿದ್ದಿತು. ಬೇಡುವುದರಿಂದ ಸ್ವರಾಜ್ಯ ಬರುವುದಿಲ್ಲ, ಕಲಕತ್ತೆಯ ಕೌನ್ಸಿಲಿನ ಇಂಗ್ಲಿಷು ಭಾಷಣವು ಹಳ್ಳಿಯ ರೈತನ ಕಿವಿಗೆ ಮುಟ್ಟುವುದಿಲ್ಲ ಎಂದು ಆ ಪಕ್ಷವು ಹೇಳಿದ್ದು ಸುಳ್ಳಲ್ಲ. ಆಂದೋಲನದ ಬಿಸಿಯನ್ನು ಉಂಡು ಬೆಳೆದ ನಮ್ಮ ಪತ್ರವು ಆ ಮಾತನ್ನು ಅಲ್ಲಗಳೆಯಲಾರದು.

ಅಷ್ಟೇ ಅಲ್ಲ, ಗೋಖಲೆಯವರ ದಾಖಲೆಯಲ್ಲಿ ನಾವು ಮನ್ನಿಸಲಾರದ ಒಂದು ಪುಟವೂ ಇದೆ. 1910ರ ಮುದ್ರಣ ಕಾಯದೆಯು ಸಭೆಗೆ ಬಂದಾಗ ಅವರು ಅದಕ್ಕೆ ಅಡ್ಡ ನಿಲ್ಲಲಿಲ್ಲ. ದುಃಖದಿಂದಲೇ ಆಗಲಿ, ಒಪ್ಪಿಗೆಯನ್ನೇ ಕೊಟ್ಟರು. ಹೊಸ ಮುದ್ರಣಾಲಯದಿಂದ 500ರಿಂದ 2000 ರೂಪಾಯಿಗಳವರೆಗೆ, ಹಳೆಯದರಿಂದ 5000ದವರೆಗೆ ಜಾಮೀನು ಕೇಳುವ ಅಧಿಕಾರವನ್ನು ಆ ಕಾಯದೆಯು ಅಧಿಕಾರಿಗಳ ಕೈಗೆ ಕೊಟ್ಟಿತು. ಸಾಲ ಮಾಡಿ ಟೈಪು ಕೊಂಡು, ಬಡ ವಾಚಕರ ವರ್ಗಣಿಯ ಮೇಲೆ ನಡೆಯುವ ದೇಶಭಾಷೆಯ ಪತ್ರಗಳಿಗೆ ಇದು ಉರುಲಾಗಿತ್ತು. ಬಾಂಬು, ಪಿಸ್ತೂಲುಗಳ ಭೀತಿಯ ಕಾಲವದು, ಸರಕಾರದ ಸಂಗಡ ಸ್ವಲ್ಪ ಬಗ್ಗಿ ನಡೆದರೆ ಹೊಸ ಸುಧಾರಣೆಗಳು ಉಳಿಯುವವೆಂದು ಅವರು ನಂಬಿದ್ದರು ಎಂದು ಅವರ ಪಕ್ಷದವರು ಹೇಳಬಹುದು. ಆ ನಂಬಿಕೆಯು ಪ್ರಾಮಾಣಿಕವಾಗಿರಬಹುದು. ಅದರ ಬೆಲೆಯನ್ನು ತೆತ್ತವರು ಮಾತ್ರ ಬೇರೆಯವರು. ಹಿರಿಯರ ಗುಣವನ್ನು ಹೊಗಳುವವರು ದೋಷವನ್ನೂ ಹೇಳದಿದ್ದರೆ ಹೊಗಳಿಕೆಗೆ ಬೆಲೆ ಬರುವುದಿಲ್ಲ.

ಆದರೂ ಒಟ್ಟು ಲೆಕ್ಕವನ್ನು ನೋಡಿರಿ. ನಾಟಾಲಿಗೆ ಕರಾರಿನ ಕೂಲಿಗಳನ್ನು ಕಳಿಸುವುದನ್ನು ನಿಲ್ಲಿಸಬೇಕೆಂದು 1910ರ ಫೆಬ್ರುವರಿಯಲ್ಲಿ ಗೋಖಲೆಯವರು ತಂದ ಠರಾವನ್ನು ಸರಕಾರವು ಒಪ್ಪಿತು. 1911ರ ಜುಲೈ 1ರಿಂದ ಆ ರವಾನೆ ನಿಂತಿತು. ಎಲ್ಲ ವಸಾಹತುಗಳಿಗೂ ಈ ಕರಾರು ಪದ್ಧತಿಯೇ ಹೋಗಬೇಕೆಂದು 1912ರ ಮಾರ್ಚಿನಲ್ಲಿ ಅವರು ತಂದ ಠರಾವು ಸೋತಿತು. ಆದರೆ ಬೀಜವು ನೆಲಕ್ಕೆ ಬಿದ್ದಿತ್ತು. 1916ರಲ್ಲಿ ಪಂಡಿತ ಮದನಮೋಹನ ಮಾಲವೀಯರು ಅದೇ ಮಾತನ್ನು ಅದೇ ಸಭೆಯಲ್ಲಿ ಎತ್ತಿದಾಗ ಲಾರ್ಡ್ ಹಾರ್ಡಿಂಜರು ಒಪ್ಪಬೇಕಾಯಿತು. 1917ರಲ್ಲಿ ಕೂಲಿಗಳ ಭರ್ತಿಯು ನಿಂತಿತು. ಅಷ್ಟರಲ್ಲಿ ಗೋಖಲೆಯವರು ತೀರಿಹೋಗಿ ಎರಡು ವರ್ಷಗಳಾಗಿದ್ದವು. ಬೆವರು ಒಬ್ಬರದು, ಬೆಳೆ ಇನ್ನೊಬ್ಬರ ಕಾಲಕ್ಕೆ ಬಂದಿತು.

ಇದಕ್ಕಿಂತ ಹಿರಿದಾದ ನಿದರ್ಶನವು ಪ್ರಾಥಮಿಕ ಶಿಕ್ಷಣದ ಬಿಲ್ಲು. 1911ರ ಜನಗಣತಿಯ ಪ್ರಕಾರ ಅಕ್ಷರ ಬಲ್ಲವರು ಈ ದೇಶದಲ್ಲಿ ನೂರಕ್ಕೆ ಆರು ಮಂದಿಯೂ ಇರಲಿಲ್ಲ. ಆ ವರುಷದ ಮಾರ್ಚ 16ರಂದು ಗೋಖಲೆಯವರು ತಮ್ಮ ಬಿಲ್ಲನ್ನು ಮಂಡಿಸಿದರು. ಅವರು ಆಕಾಶವನ್ನು ಕೇಳಲಿಲ್ಲ. 6ರಿಂದ 10 ವರ್ಷದ ಗಂಡುಹುಡುಗರಿಗೆ ಮಾತ್ರ. ಅದೂ ಈಗಾಗಲೇ ಸಾಕಷ್ಟು ಹುಡುಗರು ಶಾಲೆಗೆ ಬರುತ್ತಿರುವ ಊರುಗಳಲ್ಲಿ ಮಾತ್ರ. ಅದೂ ಊರಿನ ಮ್ಯುನಿಸಿಪಾಲಿಟಿ ಇಲ್ಲವೆ ಲೋಕಲ್ ಬೋರ್ಡು ಇಚ್ಛೆಪಟ್ಟು ಸರಕಾರದ ಮಂಜೂರಿ ಪಡೆದರೆ ಮಾತ್ರ ಕಡ್ಡಾಯ. ತಿಂಗಳಿಗೆ 10 ರೂಪಾಯಿಗಿಂತ ಕಡಿಮೆ ಗಳಿಸುವ ತಂದೆಯ ಮಗನಿಗೆ ಫೀ ಇಲ್ಲ. ಹೆಣ್ಣುಮಕ್ಕಳ ಮಾತನ್ನು ಮುಂದಿನ ದಿನಕ್ಕೆ ಬಿಟ್ಟಿದ್ದರು. ಇಷ್ಟು ಹದವಾದ ಬಿಲ್ಲೂ ಆ ಸಭೆಗೆ ಜೀರ್ಣವಾಗಲಿಲ್ಲ. 1912ರ ಮಾರ್ಚ 19ರಂದು ಮತ ತೆಗೆದಾಗ ಪರವಾಗಿ 13, ವಿರುದ್ಧವಾಗಿ 38. ವಿರೋಧಿಸಿದವರಲ್ಲಿ ಸರಕಾರೀ ಸಭಾಸದರಷ್ಟೇ ಅಲ್ಲ, ನಮ್ಮವರೇ ಆದ ಸರಕಾರೇತರ ಸಭಾಸದರೂ ಕೆಲವರಿದ್ದರು. ಕೂಲಿಯವನ ಮಗನು ಓದಿದರೆ ಹೊಲದಲ್ಲಿ ದುಡಿಯುವವರಾರು ಎಂಬ ಚಿಂತೆಯು ಹಿಂದೀ ಧನಿಕರಿಗೂ ಇದ್ದಿತು. ತಮ್ಮ ಬಿಲ್ಲು ಬೀಳುವುದೆಂದು ಗೋಖಲೆಯವರಿಗೆ ಮೊದಲೇ ಗೊತ್ತಿತ್ತು. ತಮ್ಮ ತಲೆಮಾರಿನವರು ಸೋಲುಗಳಿಂದಲೇ ದೇಶಸೇವೆ ಮಾಡಬೇಕಾಗಿದೆಯೆಂಬ ಭಾವವನ್ನು ಅವರು ಎದೆಗುಂದದೆ ಆ ಸಭೆಯಲ್ಲಿಯೇ ಹೇಳಿದರು.

ಆ ಸೋಲು ಏನಾಯಿತು? ಮರುವರ್ಷ, ಅಂದರೆ 1913ರಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಮೈಸೂರು ಸಂಸ್ಥಾನವು ಪ್ರಾಥಮಿಕ ಶಿಕ್ಷಣದ ಶಾಸನವನ್ನು ಮಾಡಿ ಗೊತ್ತಾದ ಸ್ಥಳಗಳಲ್ಲಿ ಕಡ್ಡಾಯವನ್ನು ತರಲು ದಾರಿ ತೆಗೆಯಿತು. ಕಲಕತ್ತೆಯಲ್ಲಿ ಬಿದ್ದದ್ದು ಕನ್ನಡ ನೆಲದಲ್ಲಿ ಎದ್ದು ನಿಂತಿತು. 1918ರಲ್ಲಿ ವಿಠ್ಠಲಭಾಯಿ ಪಟೇಲರ ಪ್ರಯತ್ನದಿಂದ ಮುಂಬಯಿ ಇಲಾಖೆಯ ಮ್ಯುನಿಸಿಪಾಲಿಟಿಗಳಿಗೆ ಆ ಅಧಿಕಾರ ಬಂದಿತು. 2002ರಲ್ಲಿ ಘಟನೆಯ 86ನೆಯ ತಿದ್ದುಪಡಿಯಿಂದ 6ರಿಂದ 14 ವರ್ಷದ ಪ್ರತಿಯೊಂದು ಮಗುವಿಗೂ, ಗಂಡಾಗಲಿ ಹೆಣ್ಣಾಗಲಿ, ಶಿಕ್ಷಣವು ಮೂಲಭೂತ ಹಕ್ಕಾಯಿತು. 2009ರ ಕಾಯದೆಯು 2010ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. ಹದಿಮೂರು ಮತಗಳ ಬಿಲ್ಲು ತೊಂಬತ್ತೆಂಟು ವರ್ಷಗಳಿಗೆ ದೇಶದ ಧರ್ಮವಾಯಿತು. ಅಂದಿನ ಹಾಜರಿ ಪುಸ್ತಕ, ಮತಗಳ ಎಣಿಕೆ ಇವೆರಡನ್ನೇ ನೋಡಿದವನು ಗೋಖಲೆಯವರಿಗೆ ಸೊನ್ನೆ ಹಾಕಿರುತ್ತಿದ್ದನು.

ಏಕೀಕರಣವಾದಿಗಳಾದ ನಮಗೆ ಈ ಕಥೆಯು ಹೊರಗಿನದಲ್ಲ. ಭಾಷಾವಾರು ಪ್ರಾಂತಗಳ ಮಾತನ್ನು 1918ರಲ್ಲಿ ಬಿ. ಎನ್. ಶರ್ಮರು ಇದೇ ವರಿಷ್ಠ ಕೌನ್ಸಿಲಿನಲ್ಲಿ ಠರಾವಿನ ರೂಪದಲ್ಲಿ ತಂದರು, ಅದು ಸೋತಿತು. 1927ರಲ್ಲಿ ವಿ. ರಾಮದಾಸ ಪಂತುಲು ಅವರು ಮೇಲ್ಮನೆಯಾದ ಕೌನ್ಸಿಲ್ ಆಫ್ ಸ್ಟೇಟಿನಲ್ಲಿ ಆಂಧ್ರ ಪ್ರಾಂತದ ಠರಾವನ್ನು ತಂದರು, ಅದೂ ಸೋತಿತು. ಆದರೆ 1953ರಲ್ಲಿ ಆಂಧ್ರವು ಹುಟ್ಟಿತು, 1956ರ ನವೆಂಬರ 1ರಂದು ಹರಿದು ಹಂಚಿಹೋಗಿದ್ದ ಕನ್ನಡನಾಡು ಒಂದಾಯಿತು. ಸಭೆಯ ಮಾತಿನಿಂದಲೇ ಇದಾಯಿತೆಂದರೆ, 1953ರಲ್ಲಿ ಉಪವಾಸ ಕುಳಿತ ಅದರಗುಂಚಿಯ ಶಂಕರಗೌಡರಿಗೂ ಹುಬ್ಬಳ್ಳಿಯ ಬೀದಿಗಿಳಿದ ಜನಕ್ಕೂ ದ್ರೋಹ ಬಗೆದಂತಾದೀತು. ಹೊರಗಿನ ಚಳವಳಿಯೊಂದರಿಂದಲೇ ಆಯಿತೆಂದರೆ, ಸೋಲು ಗೊತ್ತಿದ್ದೂ ಬೇಡಿಕೆಯನ್ನು ದಾಖಲೆಗೆ ಹತ್ತಿಸಿದವರ ಋಣವನ್ನು ಮರೆತಂತಾದೀತು. ಹೊರಗಿನ ಬಲವಿಲ್ಲದ ಸಭೆಯ ಮಾತು ಅರ್ಜಿ. ಸಭೆಯಲ್ಲಿ ಬಾಯಿಲ್ಲದ ಚಳವಳಿಯು ಬರಿಯ ಗದ್ದಲ. ಟಿಳಕರೂ ಬೇಕಾಗಿತ್ತು, ಗೋಖಲೆಯವರೂ ಬೇಕಾಗಿತ್ತು.

ಈಗ ಇಂದಿನ ಮಾತಿಗೆ ಬರೋಣ. ರಾಜ್ಯಸಭೆಯಲ್ಲಿ ಕರ್ನಾಟಕಕ್ಕೆ 12 ಸ್ಥಾನಗಳಿವೆ. ಗೋಖಲೆಯವರ ಕಾಲದಲ್ಲಿ ನಮಗೆ ಒಂದಂಶವೂ ಇರಲಿಲ್ಲ. ಇಂದು ಹನ್ನೆರಡು ಬಾಯಿಗಳಿವೆ. ಗೋಖಲೆಯವರನ್ನು ಆರಿಸಿದವರು ಮುಂಬಯಿ ಕೌನ್ಸಿಲಿನ ಬೆರಳೆಣಿಕೆಯ ಸರಕಾರೇತರ ಸಭಾಸದರು. ಇಂದಿನ ಹನ್ನೆರಡು ಜನರನ್ನು ಆರಿಸುವವರು ನಮ್ಮ ವಿಧಾನಸಭೆಯ ಸದಸ್ಯರು. ಎರಡು ಕಡೆಗೂ ಜನರ ನೇರ ಮತವಿಲ್ಲ. ಹಾಗಿದ್ದೂ ಗೋಖಲೆಯವರು ತಮ್ಮನ್ನು ಆರಿಸಿದ ಕೆಲವರಿಗಾಗಿ ಮಾತಾಡದೆ, ತಮಗೆ ಎಂದೂ ಮತ ಕೊಡಲಾರದ ಉಪ್ಪು ಕೊಳ್ಳುವವನಿಗಾಗಿ, ನಾಟಾಲಿನ ಕೂಲಿಗಾಗಿ, ಶಾಲೆಯ ಮೆಟ್ಟಲು ಹತ್ತದ ಹುಡುಗನಿಗಾಗಿ ಮಾತಾಡಿದರು. ಇಂದಿನವರಿಗೆ ಇದೇ ಮೊದಲ ಒರೆಗಲ್ಲಾಗಬೇಕು. 2003ರ ತಿದ್ದುಪಡಿಯಿಂದ ರಾಜ್ಯಸಭೆಗೆ ಹೋಗುವವನು ಆ ರಾಜ್ಯದ ನಿವಾಸಿಯಾಗಿರಬೇಕೆಂಬ ನಿಯಮವು ಹೋಯಿತು. ಸುಪ್ರೀಂ ಕೋರ್ಟು 2006ರಲ್ಲಿ ಅದನ್ನು ಎತ್ತಿಹಿಡಿಯಿತು. ಕಾಯದೆಗೆ ನಾವು ತಲೆಬಾಗುತ್ತೇವೆ. ಆದರೆ ಕಾಯದೆಯು ಕೇಳದೆ ಬಿಟ್ಟ ಪ್ರಶ್ನೆಯನ್ನು ಜನರು ಕೇಳಬಹುದು: ಕನ್ನಡನಾಡಿನ ಹೆಸರಿನಲ್ಲಿ ಕುಳಿತವನಿಗೆ ಕನ್ನಡನಾಡಿನ ಲೆಕ್ಕ ಗೊತ್ತಿದೆಯೇ? ಚಂದ್ರಗಿರಿಯ ಉತ್ತರದ ಕಾಸರಗೋಡು ಕರ್ನಾಟಕಕ್ಕೆ ಸೇರಬೇಕೆಂದು ಮಹಾಜನ ಆಯೋಗವು 1967ರಲ್ಲಿ ಹೇಳಿದ ಮಾತು ಅವನಿಗೆ ನೆನಪಿದೆಯೇ? ಗಡಿಯಾಚೆಯ ಕನ್ನಡ ಶಾಲೆಗಳ ಸ್ಥಿತಿಯನ್ನು ಅವನು ಒಂದು ಸಲವಾದರೂ ವಿಚಾರಿಸಿದ್ದಾನೆಯೇ? ಗೋಖಲೆಯವರು ಪರಭಾಷೆಯಲ್ಲಿಯೇ ಮಾತಾಡಬೇಕಾಗಿತ್ತು. 2018ರಿಂದ ರಾಜ್ಯಸಭೆಯಲ್ಲಿ ಕನ್ನಡವೂ ಸೇರಿ 22 ಭಾಷೆಗಳಿಗೆ ದುಭಾಷಿಗಳ ಏರ್ಪಾಡಾಗಿದೆ. ಆ ಅನುಕೂಲವಿದ್ದೂ ಕನ್ನಡವು ಅಲ್ಲಿ ಮೌನವಾಗಿದ್ದರೆ ತಪ್ಪು ದಿಲ್ಲಿಯದಲ್ಲ.

ವಾಚಕರ ಮೇಲೂ ಭಾರವಿದೆ. ಜೋಶಿ ಮಾಸ್ತರರಿಲ್ಲದೆ ಗೋಖಲೆಯವರಿಲ್ಲ. ಡಿ. ವಿ. ಗುಂಡಪ್ಪನವರು 1945ರಲ್ಲಿ ಬೆಂಗಳೂರಿನಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಕಟ್ಟಿದ್ದು, ಪ್ರತಿನಿಧಿಗಳನ್ನು ತಿದ್ದಬಲ್ಲ ಪ್ರಜೆಗಳನ್ನು ಸಿದ್ಧಮಾಡಬೇಕೆಂಬ ಉದ್ದೇಶದಿಂದಲೇ. ಒಂದೊಂದು ಊರಿನ ವಾಚನಾಲಯವೂ ಆ ಕೆಲಸದ ಒಂದು ಪಾಲನ್ನು ಹೊರಬಹುದು. ತಮ್ಮ ತಾಲೂಕಿನ ಶಾಲೆಗಳಲ್ಲಿ ಮಾಸ್ತರರಿಲ್ಲದ ಹುದ್ದೆಗಳೆಷ್ಟು, ಬರಗಾಲದ ಪರಿಹಾರವು ಎಷ್ಟು ಮಂಜೂರಾಗಿ ಎಷ್ಟು ಕೈಸೇರಿತು, ಗಡಿಯ ಊರುಗಳಲ್ಲಿ ಮುಚ್ಚಿದ ಕನ್ನಡ ಶಾಲೆಗಳು ಯಾವುವು ಎಂಬುದನ್ನು ಖಚಿತವಾಗಿ ಬರೆದು ಆ ಹನ್ನೆರಡು ಜನರಿಗೂ ಕಳಿಸಲಿ. ಮುಂದಿನ ಅಧಿವೇಶನದ ನಡಾವಳಿಯನ್ನು ತರಿಸಿ, ತಾವು ಕೊಟ್ಟ ಲೆಕ್ಕವು ಅದರಲ್ಲಿ ಬಂದಿತೋ ಇಲ್ಲವೋ ಎಂದು ಸಭೆ ಕೂಡಿಸಿ ಓದಲಿ. ಬಂದಿದ್ದರೆ ಠರಾವು ಸೋತರೂ ಚಿಂತೆಯಿಲ್ಲ, ಆ ಸಭಾಸದನನ್ನು ಊರಿಗೆ ಕರೆದು ಗೌರವಿಸಲಿ. ಬಾರದಿದ್ದರೆ ಏಕೆ ಬರಲಿಲ್ಲವೆಂದು ಬಹಿರಂಗವಾಗಿ ಕೇಳಲಿ. ಕೇಳುವ ಜನರಿರುವವರೆಗೆ ಹೇಳುವ ಪ್ರತಿನಿಧಿಗಳು ಹುಟ್ಟದೆ ಇರರು.